ನೋವು ಮತ್ತು ಮನಸ್ಸು: ಯೋಗ, ಧ್ಯಾನ ಮಾಡುವುದೇನು?

ವಿಜಯಪುರದಿಂದ ಅಥಣಿ ರಸ್ತೆಯಲ್ಲಿ ಪಶ್ಚಿಮಕ್ಕೆ ಸಾಗಿದರೆ ತಿಕೋಟಾ ಸೀಮೆಯ ದ್ರಾಕ್ಷಿ ಪಡಗಳು ಕಾಣಿಸುತ್ತವೆ. ಘೋಣಸಗಿ ಮತ್ತು ಸುತ್ತಲಿನ ಹಳ್ಳಿಗಳ ಈ ಸೀಮೆಯಲ್ಲಿ ವರ್ಷಕ್ಕೆರಡು ಬಾರಿ, ಏಪ್ರಿಲ್ ಮತ್ತು ಅಕ್ಟೋಬರ್ ಸುಮಾರಿಗೆ, ಬಳ್ಳಿಗಳ ಚಾಟ್ನಿ ನಡೆಯುತ್ತದೆ. ಬಳ್ಳಿ ಹಬ್ಬಿಸಿದ ತಂತಿಗಳು ತಲೆಯ ಮಟ್ಟದಲ್ಲೋ ಅದಕ್ಕೂ ತುಸು ಮೇಲೋ ಇರುತ್ತವೆ. ಹೀಗಾಗಿ ಕತ್ತರಿಸುವುದು, ಚಿಗುರು ತೆಗೆಯುವುದು, ಗೊಂಚಲುಗಳನ್ನು ಜಿಬ್ಬೆರೆಲಿಕ್ ಆಮ್ಲದ ದ್ರಾವಣದಲ್ಲಿ ಅದ್ದುವುದು, ಎಲ್ಲವೂ ತೋಳು ಎತ್ತಿ, ಕುತ್ತಿಗೆ ಹಿಂದಕ್ಕೆ ಚಾಚಿ ಮಾಡಬೇಕಾದ ಕೆಲಸಗಳು. ಹಣ್ಣು ಕೊಯ್ದ ಮೇಲೆ ಹೊರೆ ಎತ್ತುವುದು, ಒಣದ್ರಾಕ್ಷಿ ಶೆಡ್ಡಿನಲ್ಲಿ ಬಗ್ಗಿ ಏಳುವುದು ಬೇರೆ. ಸಂಜೆಯ ಹೊತ್ತಿಗೆ ‘ಟೊಂಕ ಬ್ಯಾನಿ ಆಗೇತಿ’ ಎನ್ನುವವರಿಗೆ ಇಲ್ಲಿ ಕೊರತೆಯಿಲ್ಲ. ಹೆಚ್ಚಿನವರ ನೋವು ಎರಡು ದಿನ ಮಲಗಿ ಎದ್ದರೆ ಇಳಿಯುತ್ತದೆ. ಕೆಲವರದು ಮಾತ್ರ ತಿಂಗಳುಗಟ್ಟಲೆ ಉಳಿದುಬಿಡುತ್ತದೆ.

ಹೀಗೆ ನೋವು ಉಳಿದವರಿಗೆ ಸಾಮಾನ್ಯವಾಗಿ ಸಿಗುವ ಸಲಹೆಗಳು ಮೂರು. ಮೊದಲನೆಯದು ಮಾತ್ರೆ ಅಥವಾ ಇಂಜೆಕ್ಷನ್. ಎರಡನೆಯದು ‘ಯೋಗ ಮಾಡು, ಎಲ್ಲ ಸರಿ ಹೋಗುತ್ತದೆ’. ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದಾಗ ಬರುವ ಮೂರನೆಯದು ಸಲಹೆಯೇ ಅಲ್ಲ, ಒಂದು ತೀರ್ಪು: ‘ನಿನಗೇನೂ ಆಗಿಲ್ಲ, ಎಲ್ಲ ನಿನ್ನ ಮನಸ್ಸಿನಲ್ಲಿದೆ.’

ಎರಡನೆಯ ಸಲಹೆಯಲ್ಲಿ ಎಷ್ಟು ವಿಜ್ಞಾನವಿದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಮೂರನೆಯ ತೀರ್ಪು ಏಕೆ ತಪ್ಪು ಎಂಬುದೂ ಅದರೊಂದಿಗೆ ತಾನಾಗಿಯೇ ತಿಳಿಯುತ್ತದೆ. ಯೋಗದ ಮಾತು ಈ ಭಾಗದವರಿಗೆ ಹೊಸದಲ್ಲ. ಪತಂಜಲಿಯನ್ನು ಆಡುಮಾತಿನಲ್ಲಿ ತಿಳಿಸಿಕೊಟ್ಟ ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ (ನಿಧನ 2023) ತಿಕೋಟಾ ಸೀಮೆಯ ಬಿಜ್ಜರಗಿಯವರೇ. ಆದರೆ ಅವರ ಪ್ರವಚನದ ವಿಷಯ ಮನಸ್ಸಿನ ಶಿಸ್ತು. ಟೊಂಕನೋವಿನ ಚಿಕಿತ್ಸೆಯಾಗಿ ಯೋಗವನ್ನು ಒರೆಗೆ ಹಚ್ಚುವುದು ಬೇರೆಯೇ ಕೆಲಸ.

ಗಾಯ ಬೇರೆ, ನೋವು ಬೇರೆ

ಬರಿಗಾಲು ಕಲ್ಲಿಗೆ ಎಡವಿದಾಗ ಏನಾಗುತ್ತದೆಂದು ನೆನಪಿಸಿಕೊಳ್ಳಿ. ಮೊದಲು ಚುಳ್ಳೆಂದು ಒಂದು ತೀಕ್ಷ್ಣ ನೋವು, ಕ್ಷಣ ಬಿಟ್ಟು ಹರಡಿಕೊಳ್ಳುವ ಮಂದವಾದ ಉರಿ. ಈ ಎರಡು ನೋವುಗಳನ್ನು ಒಯ್ಯುವ ನರತಂತುಗಳೇ ಬೇರೆ ಬೇರೆ. ‘ಎ-ಡೆಲ್ಟಾ’ ಎಂಬ ತಂತುಗಳಿಗೆ ತೆಳುವಾದ ಮಯಲಿನ್ ಹೊದಿಕೆಯಿದೆ. ಅವುಗಳಲ್ಲಿ ಸಂಕೇತ ಸೆಕೆಂಡಿಗೆ ಸುಮಾರು 5ರಿಂದ 30 ಮೀಟರ್ ವೇಗದಲ್ಲಿ ಸಾಗುತ್ತದೆ. ಹೊದಿಕೆಯಿಲ್ಲದ ‘ಸಿ’ ತಂತುಗಳಲ್ಲಿ ಅದರ ವೇಗ ಸೆಕೆಂಡಿಗೆ ಅರ್ಧದಿಂದ 2 ಮೀಟರ್ ಮಾತ್ರ. ಕಾಲಿನಿಂದ ಮಿದುಳುಬಳ್ಳಿಗೆ ಸುಮಾರು ಒಂದು ಮೀಟರ್ ದೂರವೆಂದು ಇಟ್ಟುಕೊಂಡರೆ ಎರಡನೆಯ ನೋವು ತಡವಾಗಿ ಬರುವುದೇಕೆ ಎಂಬುದನ್ನು ನೀವೇ ಲೆಕ್ಕ ಹಾಕಬಹುದು.

ಆದರೆ ಈ ತಂತುಗಳು ಒಯ್ಯುವುದು ನೋವನ್ನಲ್ಲ. ಅವು ಒಯ್ಯುವುದು ‘ಇಲ್ಲಿ ಅಂಗಾಂಶಕ್ಕೆ ಅಪಾಯವಿದೆ’ ಎಂಬ ವರದಿಯನ್ನು. ವರದಿಯನ್ನು ಓದಿ, ಹಿಂದಿನ ನೆನಪು, ಈಗಿನ ಸನ್ನಿವೇಶ, ಭಯ, ನಿರೀಕ್ಷೆ ಇವನ್ನೆಲ್ಲ ಕೂಡಿಸಿ ನೋವೆಂಬ ಅನುಭವವನ್ನು ರೂಪಿಸುವುದು ಮಿದುಳು. ಎರಡನೆಯ ಮಹಾಯುದ್ಧದ ಸಮಯದಲ್ಲಿ ಇಟಲಿಯ ರಣರಂಗದಲ್ಲಿದ್ದ ಅಮೆರಿಕದ ಅರಿವಳಿಕೆ ತಜ್ಞ ಹೆನ್ರಿ ಬೀಚರ್ ತೀವ್ರವಾಗಿ ಗಾಯಗೊಂಡ ಸೈನಿಕರನ್ನು ‘ನೋವಿಗೆ ಔಷಧಿ ಬೇಕೆ?’ ಎಂದು ಕೇಳಿದ. ಸುಮಾರು ಮುಕ್ಕಾಲು ಪಾಲು ಮಂದಿ ಬೇಡವೆಂದರು. 1946ರಲ್ಲಿ ಇದನ್ನು ಪ್ರಕಟಿಸಿದ ಬೀಚರ್, ಸೈನಿಕನಿಗೆ ಗಾಯವೆಂದರೆ ಯುದ್ಧಭೂಮಿಯಿಂದ ಜೀವಸಹಿತ ಬಿಡುಗಡೆ ಎಂಬ ಅರ್ಥವಿದ್ದುದೇ ಇದಕ್ಕೆ ಕಾರಣವಿರಬಹುದೆಂದು ತರ್ಕಿಸಿದ.

ಇದಕ್ಕೆ ವಿರುದ್ಧದ ನಿದರ್ಶನವೂ ಇದೆ. ಬೆನ್ನುನೋವೇ ಇಲ್ಲದ 3110 ಜನರ ಬೆನ್ನುಹುರಿ ಚಿತ್ರಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ಸಮೀಕ್ಷೆಯೊಂದು 2015ರಲ್ಲಿ ಪ್ರಕಟವಾಯಿತು. ಇಪ್ಪತ್ತರ ವಯಸ್ಸಿನವರಲ್ಲೇ ಶೇ. 37 ಮಂದಿಯ ಬೆನ್ನುಮೂಳೆಗಳ ನಡುವಿನ ಡಿಸ್ಕುಗಳಲ್ಲಿ ಸವೆತ ಕಂಡಿತ್ತು. ಎಂಬತ್ತರ ವಯಸ್ಸಿನವರಲ್ಲಿ ಇದು ಶೇ. 96. ಸ್ಕ್ಯಾನಿನಲ್ಲಿ ಸವೆತವಿದ್ದೂ ನೋವಿಲ್ಲದವರು ಇಷ್ಟೊಂದು ಮಂದಿ ಇರುವಾಗ, ಸ್ಕ್ಯಾನಿನಲ್ಲಿ ಏನೂ ಕಾಣದೆಯೂ ನೋವಿರುವವರನ್ನು ಸುಳ್ಳುಗಾರರೆನ್ನುವುದು ಹೇಗೆ? ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘವು 1979ರಲ್ಲಿ ರೂಪಿಸಿ 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆ ನೋವನ್ನು ಸಂವೇದನೆ ಮತ್ತು ಭಾವನೆ ಎರಡೂ ಸೇರಿದ ಅನುಭವವೆಂದು ಹೇಳುತ್ತದೆ. ವ್ಯಕ್ತಿಯೊಬ್ಬ ನೋವಿದೆಯೆಂದರೆ ಆ ಮಾತನ್ನು ಗೌರವಿಸಬೇಕೆಂದು ಪರಿಷ್ಕೃತ ಟಿಪ್ಪಣಿಯಲ್ಲಿ ಸೇರಿಸಲಾಗಿದೆ. ನೋವು ಮಿದುಳಿನಲ್ಲಿ ರೂಪುಗೊಳ್ಳುತ್ತದೆ ಎಂಬುದು ಸರಿ. ಹಸಿವು, ಬಾಯಾರಿಕೆಗಳೂ ಅಲ್ಲೇ ರೂಪುಗೊಳ್ಳುತ್ತವೆ. ಅವನ್ನು ಯಾರೂ ಸುಳ್ಳೆನ್ನುವುದಿಲ್ಲವಲ್ಲ!

ಮಿದುಳುಬಳ್ಳಿಯ ಬಾಗಿಲು

ಮಗುವಿನ ಮೊಣಕಾಲಿಗೆ ಪೆಟ್ಟಾದರೆ ತಾಯಿ ಮೊದಲು ಮಾಡುವುದೇನು? ಉಜ್ಜುತ್ತಾಳೆ, ಊದುತ್ತಾಳೆ. ಇದು ಬರಿಯ ಸಮಾಧಾನವಲ್ಲ. ಕೆನಡಾದ ಮನೋವಿಜ್ಞಾನಿ ರೊನಾಲ್ಡ್ ಮೆಲ್ಜ್ಯಾಕ್ ಮತ್ತು ಇಂಗ್ಲೆಂಡಿನ ನರವಿಜ್ಞಾನಿ ಪ್ಯಾಟ್ರಿಕ್ ವಾಲ್ 1965ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಮಂಡಿಸಿದ ‘ದ್ವಾರ ನಿಯಂತ್ರಣ ಸಿದ್ಧಾಂತ’ದ ಪ್ರಕಾರ ಮಿದುಳುಬಳ್ಳಿಯ ಹಿಂಭಾಗದ ಬೂದುದ್ರವ್ಯದಲ್ಲಿ ಅಪಾಯದ ವರದಿಗಳಿಗೆ ಒಂದು ಬಾಗಿಲಿದೆ. ಸ್ಪರ್ಶ, ಒತ್ತಡಗಳನ್ನು ಒಯ್ಯುವ ದಪ್ಪ ತಂತುಗಳು ಚಟುವಟಿಕೆಯಲ್ಲಿದ್ದರೆ ಈ ಬಾಗಿಲು ಅರೆ ಮುಚ್ಚುತ್ತದೆ. ಉಜ್ಜಿದರೆ ನೋವು ಇಳಿಯುವುದು ಇದರಿಂದಲೇ. ಸಿದ್ಧಾಂತದ ಅನೇಕ ವಿವರಗಳು ಮುಂದೆ ತಿದ್ದುಪಡಿಗೊಂಡವು. ಆದರೆ ಅದರ ಇನ್ನೊಂದು ಭಾಗ ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯ: ಈ ಬಾಗಿಲನ್ನು ಮೇಲಿನಿಂದ, ಅಂದರೆ ಮಿದುಳಿನಿಂದಲೂ ತೆರೆಯಬಹುದು, ಮುಚ್ಚಬಹುದು.

ಹೀಗೆ ಮೇಲಿನಿಂದ ಇಳಿಯುವ ಹಾದಿಗೆ ಸಾಕ್ಷ್ಯ ಬೇಗನೆ ದೊರೆಯಿತು. 1969ರಲ್ಲಿ ಡೇವಿಡ್ ರೆನಾಲ್ಡ್ಸ್ ಇಲಿಗಳ ನಡುಮಿದುಳಿನ ಒಂದು ನಿರ್ದಿಷ್ಟ ಬೂದುದ್ರವ್ಯವನ್ನು ವಿದ್ಯುತ್ತಿನಿಂದ ಪ್ರಚೋದಿಸಿ, ಬೇರೆ ಅರಿವಳಿಕೆಯಿಲ್ಲದೆ ಅವುಗಳಿಗೆ ಶಸ್ತ್ರಕ್ರಿಯೆ ನಡೆಸಬಹುದೆಂದು ತೋರಿಸಿದ. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಹ್ಯಾನ್ಸ್ ಕಾಸ್ಟರ್ಲಿಟ್ಜ್ 1975ರಲ್ಲಿ ಮಿದುಳು ತಾನೇ ತಯಾರಿಸುವ ಅಫೀಮಿನಂತಹ ವಸ್ತುಗಳನ್ನು, ಎನ್‌ಕೆಫಲಿನ್‌ಗಳನ್ನು, ಗುರುತಿಸಿದರು. ಎಂಡಾರ್ಫಿನ್‌ಗಳು ಇದೇ ಕುಟುಂಬದವು.

ಮೂರನೆಯ ಪ್ರಯೋಗ ಇನ್ನೂ ಸ್ವಾರಸ್ಯಕರ. ಹಲ್ಲು ಕೀಳಿಸಿಕೊಂಡವರಿಗೆ ಔಷಧಿಯೆಂದು ಹೇಳಿ ಔಷಧಿಯಿಲ್ಲದ ದ್ರವವನ್ನು ಕೊಟ್ಟರೂ ಕೆಲವರ ನೋವು ಇಳಿಯುತ್ತದೆ. ಅಫೀಮಿನ ಬಗೆಯ ವಸ್ತುಗಳ ಪರಿಣಾಮವನ್ನು ತಡೆಯುವ ನಲೋಕ್ಸೋನ್ ಎಂಬ ಔಷಧಿ ಕೊಟ್ಟಾಗ ಈ ಹುಸಿ ಔಷಧಿಯ ಉಪಶಮನ ಕುಂದಿತೆಂದು 1978ರಲ್ಲಿ ಲೆವಿನ್, ಗಾರ್ಡನ್ ಮತ್ತು ಫೀಲ್ಡ್ಸ್ ವರದಿ ಮಾಡಿದರು. ನಂಬಿಕೆಯೆಂಬ ಮನಸ್ಸಿನ ಸ್ಥಿತಿಗೆ ದೇಹದಲ್ಲಿ ರಾಸಾಯನಿಕ ರೂಪವಿದೆ ಎಂದಾಯಿತು. ನಲೋಕ್ಸೋನಿನ ಹೆಸರನ್ನು ನೆನಪಿಡಿ, ಅದು ಇನ್ನೊಮ್ಮೆ ಬರಲಿದೆ.

ಗಂಟೆ ನಿಲ್ಲದೇ ಹೋದಾಗ

ಮೂರು ತಿಂಗಳಿಗೂ ಮೀರಿ ಉಳಿಯುವ ಅಥವಾ ಮರುಕಳಿಸುವ ನೋವನ್ನು ದೀರ್ಘಕಾಲಿಕ ನೋವೆಂದು ವರ್ಗೀಕರಿಸುತ್ತಾರೆ. ಗಾಯ ಮಾಗಿದರೂ ನೋವೇಕೆ ಮಾಗುವುದಿಲ್ಲ? ಅಪಾಯದ ವರದಿಗಳು ಪದೇ ಪದೇ ಬರುತ್ತಿದ್ದರೆ ಮಿದುಳುಬಳ್ಳಿಯ ನರಕೋಶಗಳೇ ಹೆಚ್ಚು ಚುರುಕಾಗುತ್ತವೆ ಎಂಬುದನ್ನು ಕ್ಲಿಫರ್ಡ್ ವುಲ್ಫ್ 1983ರಲ್ಲಿ ಪ್ರಾಣಿಪ್ರಯೋಗದಿಂದ ತೋರಿಸಿದ. ಕಳ್ಳನಿಗೆಂದು ಹಾಕಿದ ಗಂಟೆ ಬೆಕ್ಕು ಸುಳಿದರೂ ಬಾರಿಸತೊಡಗಿದಂತೆ, ಆಗ ಹಗುರವಾಗಿ ಮುಟ್ಟಿದರೂ ನೋವಾಗಬಹುದು.

ಇದರ ಮೇಲೆ ಮನುಷ್ಯನ ಬದುಕು ತನ್ನ ಪಾಲನ್ನು ಸೇರಿಸುತ್ತದೆ. ಚಾಟ್ನಿಯ ಕೂಲಿ ನಿಂತರೆ ಮನೆ ನಡೆಯುವುದು ಹೇಗೆಂಬ ಚಿಂತೆ, ಬಗ್ಗಿದರೆ ‘ನರ ತುಂಡಾದೀತು’ ಎಂಬ ಅಂಜಿಕೆ, ನಿದ್ದೆ ಬಾರದ ರಾತ್ರಿ. ಅಂಜಿ ಬಗ್ಗುವುದನ್ನೇ ಬಿಟ್ಟವರ ಬೆನ್ನಿನ ಸ್ನಾಯುಗಳು ಸೋಲುತ್ತವೆ, ಕೀಲುಗಳು ಬಿಗಿಯುತ್ತವೆ. ಮುಂದೊಂದು ದಿನ ಬಗ್ಗಲೇಬೇಕಾದಾಗ ನಿಜಕ್ಕೂ ನೋವಾಗುತ್ತದೆ, ಅಂಜಿಕೆ ಗಟ್ಟಿಯಾಗುತ್ತದೆ. ನಿದ್ದೆಗೆಟ್ಟ ಮಿದುಳಿಗೆ ನೋವು ಹೆಚ್ಚು, ನೋವಿದ್ದರೆ ನಿದ್ದೆ ಕಡಿಮೆ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಮುರಿಯಬೇಕು. ಮಾತ್ರೆ ಅದನ್ನು ಒಂದು ಕಡೆ ಮುರಿಯುತ್ತದೆ. ಆಸನ, ಉಸಿರಾಟ, ಧ್ಯಾನಗಳು ಮುರಿಯುವ ಜಾಗ ಬೇರೆ ಇರಬಹುದೆ?

ಜಿಗಣಿಯ ಒಂದು ವಾರ

ಈ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿದವರಲ್ಲಿ ನಮ್ಮ ರಾಜ್ಯದವರೂ ಇದ್ದಾರೆ. ಬೆಂಗಳೂರಿನ ಹೊರವಲಯದ ಜಿಗಣಿಯ ಬಳಿ, ಪ್ರಶಾಂತಿ ಕುಟೀರವೆಂಬ ಆವರಣದಲ್ಲಿ, ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನವಿದೆ. ಎಂಜಿನಿಯರಿಂಗ್ ಹಿನ್ನೆಲೆಯ ಎಚ್.ಆರ್. ನಾಗೇಂದ್ರ ಮತ್ತು ವೈದ್ಯೆ ಆರ್. ನಾಗರತ್ನ ಅಲ್ಲಿನ ಸಂಶೋಧನೆಯ ಹಿಂದಿನ ಪ್ರಮುಖ ಹೆಸರುಗಳು. ಅವರ ಜೊತೆಗೂಡಿ ಪದ್ಮಿನಿ ತೇಕೂರ್ ನಡೆಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಅದೇ ಸರಣಿಯ ಇನ್ನೊಂದು ಲೇಖನ ಬಂದದ್ದು 2012ರಲ್ಲಿ.

ದೀರ್ಘಕಾಲಿಕ ಟೊಂಕನೋವಿನ 80 ಮಂದಿಯನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಎರಡು ಗುಂಪು ಮಾಡಲಾಯಿತು. ಇಬ್ಬರಿಗೂ ಅಲ್ಲಿಯೇ ಏಳು ದಿನಗಳ ವಾಸ. ಒಂದು ಗುಂಪಿಗೆ ಟೊಂಕನೋವಿಗೆಂದು ಹೊಂದಿಸಿದ ಆಸನಗಳು, ಪ್ರಾಣಾಯಾಮ, ಧ್ಯಾನ, ಉಪನ್ಯಾಸ, ಆಪ್ತಸಲಹೆ. ಇನ್ನೊಂದು ಗುಂಪಿಗೆ ಅಷ್ಟೇ ಹೊತ್ತು ದೈಹಿಕ ವ್ಯಾಯಾಮ, ಬೆನ್ನುನೋವಿನ ಬಗ್ಗೆ ತಿಳಿವಳಿಕೆ. ವಾರದ ಕೊನೆಯಲ್ಲಿ ದಿನನಿತ್ಯದ ಕೆಲಸಗಳಿಗೆ ಇದ್ದ ತೊಡಕು ಯೋಗದ ಗುಂಪಿನಲ್ಲಿ ಹೆಚ್ಚು ಇಳಿದಿತ್ತು, ಬೆನ್ನಿನ ಬಾಗುವಿಕೆ ಹೆಚ್ಚು ಸುಧಾರಿಸಿತ್ತು. ಎರಡನೆಯ ಲೇಖನದ ಪ್ರಕಾರ ನೋವಿನ ಅಂಕ ಯೋಗದ ಗುಂಪಿನಲ್ಲಿ ಶೇ. 49ರಷ್ಟು, ವ್ಯಾಯಾಮದ ಗುಂಪಿನಲ್ಲಿ ಶೇ. 17.5ರಷ್ಟು ಕಡಿಮೆಯಾಗಿತ್ತು. ಆತಂಕ ಮತ್ತು ಖಿನ್ನತೆಯ ಅಂಕಗಳಲ್ಲೂ ಯೋಗದ ಗುಂಪೇ ಮುಂದು.

ಅರ್ಧದಷ್ಟು ಇಳಿಕೆ! ಇಲ್ಲಿಗೇ ಲೇಖನ ಮುಗಿಸಿದರೆ ಓದಲು ಹಿತವಾಗಿರುತ್ತದೆ. ಆದರೆ ನೀವು ವಿಜ್ಞಾನದ ಅಧ್ಯಾಪಕರಾಗಿದ್ದರೆ ತರಗತಿಯಲ್ಲಿ ಈ ಅಂಕಿಗಳನ್ನು ಕೊಟ್ಟು, ‘ಇದರಿಂದ ಏನನ್ನು ತೀರ್ಮಾನಿಸಬಹುದು, ಏನನ್ನು ತೀರ್ಮಾನಿಸಲಾಗದು?’ ಎಂದು ಕೇಳಿ ನೋಡಿ. ಮೊದಲಿಗೆ, ವ್ಯಾಯಾಮದ ಗುಂಪಿನವರ ನೋವೂ ಇಳಿದಿದೆ. ಇದರಲ್ಲಿ ವ್ಯಾಯಾಮದ ಪಾಲೆಷ್ಟು, ಒಂದು ವಾರ ದುಡಿಮೆಯಿಂದ ದೂರವಿದ್ದುದರ ಪಾಲೆಷ್ಟು, ನೋವು ತನ್ನಷ್ಟಕ್ಕೆ ಏರಿಳಿಯುವ ಸ್ವಭಾವದ ಪಾಲೆಷ್ಟು? ಎರಡನೆಯದಾಗಿ, ಮಾತ್ರೆಯ ಪ್ರಯೋಗದಲ್ಲಿ ಯಾರಿಗೆ ಹುಸಿ ಮಾತ್ರೆ ಸಿಕ್ಕಿತೆಂಬುದನ್ನು ರೋಗಿಯಿಂದ ಮರೆಮಾಚಬಹುದು. ಆಸನವನ್ನು ಮರೆಮಾಚುವುದು ಹೇಗೆ? ಯೋಗಕ್ಕೇ ಹೆಸರಾದ ಸಂಸ್ಥೆಗೆ ಬಂದು ವ್ಯಾಯಾಮದ ಗುಂಪಿಗೆ ಬಿದ್ದವನಿಗೆ ಸಹಜವಾಗಿಯೇ ನಿರಾಸೆಯಾಗಬಹುದು. ನಿರೀಕ್ಷೆ ನೋವನ್ನು ಬದಲಿಸುತ್ತದೆ ಎಂಬುದನ್ನು ಹಲ್ಲಿನ ಪ್ರಯೋಗದಲ್ಲಿ ಈಗಷ್ಟೇ ನೋಡಿದೆವು. ಮೂರನೆಯದಾಗಿ, ಆಸನ, ಉಸಿರಾಟ, ಧ್ಯಾನ, ಮಾತು ಎಲ್ಲ ಕೂಡಿದ ಕಟ್ಟಿನಲ್ಲಿ ಕೆಲಸ ಮಾಡಿದ್ದು ಯಾವುದು? ಒಂದು ವಾರದ ಆಶ್ರಮವಾಸದ ಫಲ ಊರಿಗೆ ಮರಳಿ ಮತ್ತೆ ಹೊರೆ ಹೊತ್ತ ಮೇಲೂ ಉಳಿಯುತ್ತದೆಯೆ?

ಬೆಂಗಳೂರಿನ ಮೂಳೆರೋಗ ತಜ್ಞ ಜಾನ್ ಎಬ್ನೆಜರ್ ಮೊಣಕಾಲು ಸಂಧಿವಾತದ 250 ರೋಗಿಗಳಲ್ಲಿ ಭೌತಚಿಕಿತ್ಸೆಯ ಜೊತೆಗೆ ಯೋಗವನ್ನೋ ವ್ಯಾಯಾಮವನ್ನೋ ಸೇರಿಸಿ ನಡೆಸಿದ ಅಧ್ಯಯನದಲ್ಲೂ (2012) ಯೋಗದ ಗುಂಪಿಗೆ ಹೆಚ್ಚು ಅನುಕೂಲ ಕಂಡಿತು. ಹೊರದೇಶಗಳ ಚಿತ್ರ ತುಸು ಭಿನ್ನ. ಅಮೆರಿಕದಲ್ಲಿ 228 ಮಂದಿಯ ಮೇಲೆ ನಡೆದ 2011ರ ಪ್ರಯೋಗದಲ್ಲಿ ಪುಸ್ತಕ ಓದಿ ತಾವೇ ಆರೈಕೆ ಮಾಡಿಕೊಂಡವರಿಗಿಂತ ಯೋಗ ಮಾಡಿದವರು ಮೇಲಾದರು. ಆದರೆ ಸ್ನಾಯು ಚಾಚುವ ಸಾಮಾನ್ಯ ವ್ಯಾಯಾಮ ಮಾಡಿದವರಿಗಿಂತ ಮೇಲಾಗಲಿಲ್ಲ. ಜಗತ್ತಿನ ವಿವಿಧೆಡೆಯ 21 ಪ್ರಯೋಗಗಳ 2223 ಜನರ ಮಾಹಿತಿಯನ್ನು ತೂಗಿದ ಕಾಕ್ರೇನ್ ಸಮೀಕ್ಷೆಯ 2022ರ ಆವೃತ್ತಿ ಹೇಳುವುದಿಷ್ಟು: ಏನೂ ವ್ಯಾಯಾಮ ಮಾಡದಿರುವುದಕ್ಕೆ ಹೋಲಿಸಿದರೆ ಯೋಗದಿಂದ ಟೊಂಕನೋವಿನಲ್ಲಿ ಅಲ್ಪ ಸುಧಾರಣೆಯಿದೆ, ಬೆನ್ನಿನ ಇತರ ವ್ಯಾಯಾಮಗಳಿಗೆ ಹೋಲಿಸಿದರೆ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಯೋಗ ಮಾಡಿದವರಲ್ಲಿ ಕೆಲವರಿಗೆ ಬೆನ್ನುನೋವು ಹೆಚ್ಚಾದದ್ದೂ ಅಲ್ಲಿ ದಾಖಲಾಗಿದೆ.

ಜಿಗಣಿಯ ಅಂಕಿಗೂ ಕಾಕ್ರೇನ್ ತೀರ್ಮಾನಕ್ಕೂ ಇರುವ ಅಂತರವನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ವಾರಕ್ಕೊಮ್ಮೆ ಒಂದು ತಾಸಿನ ತರಗತಿಯೂ ಹಗಲಿಡೀ ನಡೆಯುವ ಶಿಬಿರವೂ ಒಂದೇ ‘ಪ್ರಮಾಣ’ವಲ್ಲ ಎಂಬುದು ಒಂದು ಸಾಧ್ಯತೆ. ಚಿಕ್ಕ ಪ್ರಯೋಗಗಳಲ್ಲಿ ಪರಿಣಾಮ ಹಿಗ್ಗಿ ಕಾಣುವುದು ಎಲ್ಲ ವೈದ್ಯಕೀಯ ಸಂಶೋಧನೆಯಲ್ಲೂ ಇರುವ ತೊಡಕು ಎಂಬುದು ಇನ್ನೊಂದು. ನನ್ನ ಮಟ್ಟಿಗೆ ಎರಡನೆಯದರ ಪಾಲೇ ಹೆಚ್ಚೆನಿಸುತ್ತದೆ. ಆದರೂ ‘ಇತರ ವ್ಯಾಯಾಮದಷ್ಟೇ’ ಎಂಬುದನ್ನು ಸೋಲೆಂದು ಓದಬೇಕಿಲ್ಲ. ಯಂತ್ರ ಬೇಡ, ಪಟ್ಟಣಕ್ಕೆ ಓಡಾಟ ಬೇಡ, ಒಮ್ಮೆ ಸರಿಯಾಗಿ ಕಲಿತರೆ ಚಾಪೆಯೊಂದು ಸಾಕು. ಭೌತಚಿಕಿತ್ಸಕರು ಹತ್ತಿರದಲ್ಲಿಲ್ಲದ ಹಳ್ಳಿಗೆ ಇದು ಸಣ್ಣ ಸಂಗತಿಯಲ್ಲ.

ತೀವ್ರತೆ ಮತ್ತು ಸಂಕಟ

ಧ್ಯಾನದ ಮಾತಿಗೆ ಬರೋಣ. ಇಲ್ಲಿ ಸಾಕ್ಷ್ಯ ಇನ್ನೂ ಸೂಕ್ಷ್ಮವಾಗಿದೆ, ಏಕೆಂದರೆ ಪ್ರಯೋಗಾಲಯದಲ್ಲಿ ನೋವನ್ನು ಅಳತೆ ಮಾಡಿ ಕೊಡಬಹುದು. ಅಮೆರಿಕದ ಫದೇಲ್ ಝೈದಾನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಿಂದೆ ಧ್ಯಾನ ಮಾಡದ 15 ಮಂದಿಗೆ ನಾಲ್ಕು ದಿನ, ದಿನಕ್ಕೆ 20 ನಿಮಿಷ, ಉಸಿರನ್ನು ಗಮನಿಸುವ ಧ್ಯಾನ ಕಲಿಸಲಾಯಿತು. ಅನಂತರ ಎಂ.ಆರ್.ಐ. ಯಂತ್ರದೊಳಗೆ ಅವರ ಕಾಲಿಗೆ 49 ಡಿಗ್ರಿ ಸೆಲ್ಸಿಯಸ್ ಶಾಖ ಮುಟ್ಟಿಸಿ ಎರಡು ಪ್ರಶ್ನೆ ಕೇಳಿದರು. ನೋವು ಎಷ್ಟು ತೀವ್ರ? ಅದು ಎಷ್ಟು ಅಹಿತ? ಧ್ಯಾನದ ಹೊತ್ತಿನಲ್ಲಿ ತೀವ್ರತೆಯ ಅಂಕ ಶೇ. 40 ಇಳಿದರೆ ಅಹಿತದ ಅಂಕ ಶೇ. 57 ಇಳಿದಿತ್ತು.

ಎರಡು ಪ್ರಶ್ನೆ ಏಕೆ? ರೇಡಿಯೋದ ಸದ್ದು ಎಷ್ಟು ದೊಡ್ಡದು ಎಂಬುದು ಒಂದು, ಆ ಸದ್ದು ನಿಮ್ಮನ್ನು ಎಷ್ಟು ಕಾಡುತ್ತಿದೆ ಎಂಬುದು ಇನ್ನೊಂದು. ನೋವಿನಲ್ಲೂ ಹೀಗೆಯೇ. 1997ರಲ್ಲಿ ಪಿಯರ್ ರೇನ್‌ವಿಲ್ ಮತ್ತು ಸಂಗಡಿಗರು ಸಂಮೋಹನದ ಮೂಲಕ ಅಹಿತವನ್ನು ಮಾತ್ರ ಏರಿಳಿಸಿದಾಗ ಮಿದುಳಿನ ಮುಂಭಾಗದ ಸಿಂಗ್ಯುಲೇಟ್ ಎಂಬ ಪಟ್ಟಿಯ ಚಟುವಟಿಕೆ ಅದರೊಂದಿಗೆ ಏರಿಳಿಯಿತು, ಸ್ಪರ್ಶಸಂವೇದನೆಯ ಹೊರಪದರದಲ್ಲಿ ಅಂತಹ ಬದಲಾವಣೆ ಕಾಣಲಿಲ್ಲ. ‘ನೋವು ಐತಿ, ಆದರ ಅಷ್ಟು ಕಾಡೂದಿಲ್ಲ’ ಎಂದು ಯಾರಾದರೂ ಹೇಳಿದರೆ ಅದು ಮಾತಿನ ಚಮತ್ಕಾರವಲ್ಲ. ಮಿದುಳಿನಲ್ಲಿ ಈ ಎರಡಕ್ಕೂ ಬಹುಮಟ್ಟಿಗೆ ಪ್ರತ್ಯೇಕವಾದ ನೆಲೆಗಳಿವೆ.

ಈಗ ನಲೋಕ್ಸೋನ್‌ಗೆ ಮರಳೋಣ. ‘ಯೋಗ, ಧ್ಯಾನ ಮಾಡಿದರೆ ಎಂಡಾರ್ಫಿನ್ ಸುರಿಯುತ್ತದೆ, ಅದರಿಂದ ನೋವು ಹೋಗುತ್ತದೆ’ ಎಂಬ ವಿವರಣೆಯನ್ನು ನೀವು ಕೇಳಿರುತ್ತೀರಿ, ಪಾಠದಲ್ಲಿ ಹೇಳಿಯೂ ಇರಬಹುದು. ಹಾಗಿದ್ದರೆ ನಲೋಕ್ಸೋನ್ ಕೊಟ್ಟಾಗ ಧ್ಯಾನದ ಪರಿಣಾಮ ಅಳಿಯಬೇಕಲ್ಲವೆ? ಝೈದಾನ್ ತಂಡ 78 ಮಂದಿಯಲ್ಲಿ ಇದನ್ನು ಪರೀಕ್ಷಿಸಿ 2016ರಲ್ಲಿ ವರದಿ ಮಾಡಿತು: ಅಳಿಯಲಿಲ್ಲ. ಧ್ಯಾನದ ಉಪಶಮನ ಅಫೀಮಿನ ಬಗೆಯ ರಾಸಾಯನಿಕಗಳನ್ನೇ ನೆಚ್ಚಿಕೊಂಡಿಲ್ಲ, ಹುಸಿ ಔಷಧಿಯ ಉಪಶಮನಕ್ಕಿಂತ ಅದರ ಹಾದಿ ಬೇರೆ ಎಂದು ಇದರಿಂದ ಊಹಿಸಬಹುದು. ಎಂಡಾರ್ಫಿನ್ ಕಥೆಯನ್ನು ಇನ್ನು ಮುಂದೆ ಎಚ್ಚರದಿಂದ ಹೇಳುವುದು ಒಳ್ಳೆಯದು.

ಬಹುಕಾಲ ಯೋಗಾಭ್ಯಾಸ ಮಾಡಿದವರ ಮಿದುಳನ್ನೂ ನೋಡಿದ್ದಾರೆ. ಶಾಂತಲ್ ವಿಲ್‌ಮ್ಯೂರ್ ಮತ್ತು ಕ್ಯಾಥರೀನ್ ಬುಶ್‌ನೆಲ್ ತಂಡದ 2014ರ ಅಧ್ಯಯನದಲ್ಲಿ ಯೋಗಾಭ್ಯಾಸಿಗಳು ಅತಿ ತಣ್ಣನೆಯ ನೀರಿನಲ್ಲಿ ಕೈಯಿಟ್ಟು ತಾಳಿಕೊಂಡ ಹೊತ್ತು ಇತರರಿಗಿಂತ ಎರಡು ಪಟ್ಟಿಗೂ ಹೆಚ್ಚು. ದೇಹದೊಳಗಿನ ಸ್ಥಿತಿಯನ್ನು ಗ್ರಹಿಸುವ ಇನ್ಸುಲಾ ಎಂಬ ಭಾಗದಲ್ಲಿ ಅವರ ಬೂದುದ್ರವ್ಯವೂ ಹೆಚ್ಚಿತ್ತು. ಗಮನವನ್ನು ಬೇರೆಡೆಗೆ ತಿರುಗಿಸುವುದು ಸಾಮಾನ್ಯರ ಉಪಾಯವಾಗಿದ್ದರೆ, ಯೋಗಾಭ್ಯಾಸಿಗಳು ಸಂವೇದನೆಯನ್ನೇ ವಿರೋಧಿಸದೆ ಗಮನಿಸುತ್ತಿದ್ದರಂತೆ. ಅಭ್ಯಾಸದಿಂದ ಮಿದುಳು ಹೀಗಾಯಿತೋ, ಅಂತಹ ಮಿದುಳಿದ್ದವರೇ ಅಭ್ಯಾಸದಲ್ಲಿ ಉಳಿದರೋ ಎಂಬುದನ್ನು ಒಮ್ಮೆ ಮಾತ್ರ ಅಳೆದ ಇಂತಹ ಅಧ್ಯಯನ ಬಿಡಿಸಲಾರದು.

ಪ್ರಯೋಗಾಲಯದ ಕ್ಷಣಿಕ ಶಾಖಕ್ಕೂ ವರ್ಷಗಟ್ಟಲೆಯ ಟೊಂಕನೋವಿಗೂ ವ್ಯತ್ಯಾಸವಿದೆ. ಅಮೆರಿಕದಲ್ಲಿ 342 ಮಂದಿ ಬೆನ್ನುನೋವಿನ ರೋಗಿಗಳ ಮೇಲೆ ನಡೆದ 2016ರ ಪ್ರಯೋಗದಲ್ಲಿ, ಧ್ಯಾನ ಮತ್ತು ಸರಳ ಆಸನಗಳ ಎಂಟು ವಾರದ ತರಬೇತಿ ಪಡೆದವರ ಪೈಕಿ ಶೇ. 44ರಷ್ಟು ಮಂದಿಗೆ ಆರು ತಿಂಗಳ ಬಳಿಕ ನೋವಿನ ಕಾಟ ಗಣನೀಯವಾಗಿ ಇಳಿದಿತ್ತು. ಎಂದಿನ ಚಿಕಿತ್ಸೆಯನ್ನಷ್ಟೇ ಪಡೆದವರಲ್ಲಿ ಇದು ಶೇ. 27. ಅಂದರೆ ಎಲ್ಲರಿಗೂ ಅಲ್ಲ, ಅರ್ಧದಷ್ಟು ಜನರಿಗೂ ಅಲ್ಲ. ಆದರೂ ನೂರರಲ್ಲಿ ಹದಿನೇಳು ಮಂದಿ ಹೆಚ್ಚುವರಿಯಾಗಿ ಚೇತರಿಸಿಕೊಂಡರು. ನೋವಿನ ಚಿಕಿತ್ಸೆಯಲ್ಲಿ ಇದು ಕಡೆಗಣಿಸುವ ಅಂಕಿಯಲ್ಲ.

ನಿಧಾನ ಉಸಿರಾಟದ ಬಗ್ಗೆ ಎರಡೇ ಮಾತು. ನಿಮಿಷಕ್ಕೆ ಆರರ ಆಸುಪಾಸಿಗೆ ಉಸಿರಾಟವನ್ನು ಇಳಿಸಿದರೆ ಹೃದಯದ ಬಡಿತ ಉಸಿರಿನೊಂದಿಗೆ ಹೆಚ್ಚು ಏರಿಳಿಯುತ್ತದೆ, ಸ್ನಾಯುಗಳು ಸಡಿಲಾಗುತ್ತವೆ, ಆತಂಕ ತಗ್ಗುತ್ತದೆ. ನೋವಿನ ಮೇಲೆ ಅದರ ನೇರ ಪರಿಣಾಮದ ಪ್ರಯೋಗಗಳು ಮಾತ್ರ ಒಂದೇ ಉತ್ತರ ಕೊಟ್ಟಿಲ್ಲ. ವೇಗಸ್ ನರದ ಹೆಸರಿನಲ್ಲಿ ಈಗ ಮಾಡಲಾಗುತ್ತಿರುವ ಅನೇಕ ಘೋಷಣೆಗಳು ಸಾಕ್ಷ್ಯಕ್ಕಿಂತ ಮುಂದೆ ಓಡುತ್ತಿವೆ.

ಗಂಟೆಯ ಮಾತನ್ನು ಕೇಳಲೇಬೇಕಾದಾಗ

ಯೋಗ, ಧ್ಯಾನ ಬದಲಿಸುವುದು ಬಹುಪಾಲು ಎಚ್ಚರಿಕೆಯ ಗಂಟೆಯನ್ನು. ಬೆಂಕಿಯನ್ನಲ್ಲ. ಆದ್ದರಿಂದ ಬೆಂಕಿ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಟೊಂಕನೋವಿನೊಂದಿಗೆ ಕಾಲಿನ ಶಕ್ತಿ ಕುಂದುತ್ತಿದ್ದರೆ, ತೊಡೆಗಳ ನಡುವೆ ಜೋಮು ಹಿಡಿದಿದ್ದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜ್ವರ, ತೂಕ ಇಳಿಕೆ, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೆ ಬೆನ್ನುಮೂಳೆಯ ಕ್ಷಯದ ಸಾಧ್ಯತೆಯನ್ನು ನಮ್ಮ ದೇಶದಲ್ಲಿ ಮರೆಯುವಂತಿಲ್ಲ. ಎದೆಯಿಂದ ತೋಳಿಗೋ ದವಡೆಗೋ ಹರಿಯುವ ನೋವಿಗೆ ಪ್ರಾಣಾಯಾಮ ಉತ್ತರವಲ್ಲ. ಡಿಸ್ಕ್ ಜಾರಿ ಕಾಲಿಗೆ ನೋವು ಇಳಿಯುತ್ತಿರುವವರು ಗುರುವಿಲ್ಲದೆ ಮುಂದಕ್ಕೆ ಬಾಗುವ ಆಸನಗಳಿಗೆ ಕೈಹಾಕಬಾರದು.

ಮಾತ್ರೆಯ ಕಡೆಗೂ ಒಂದು ಎಚ್ಚರ. ಡೈಕ್ಲೋಫೆನಾಕ್‌ನಂತಹ ನೋವುನಿವಾರಕಗಳು ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುಗಳ ತಯಾರಿಕೆಯನ್ನು ತಡೆಯುತ್ತವೆ. ಬೆವರು ಸುರಿದು ದೇಹದಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ರಕ್ತ ಹರಿಯುವಂತೆ ಕಾಯುವುದೂ ಇದೇ ಪ್ರೊಸ್ಟಾಗ್ಲಾಂಡಿನ್. ಏಪ್ರಿಲ್ ಚಾಟ್ನಿಯ ಬಿಸಿಲಿನಲ್ಲಿ, ನೀರು ಕುಡಿಯಲು ಪುರುಸೊತ್ತಿಲ್ಲದೆ, ಬೆಳಿಗ್ಗೆ ಒಂದು ಮಾತ್ರೆ ನುಂಗಿ ಕೆಲಸಕ್ಕೆ ಇಳಿಯುವವರ ಮೂತ್ರಪಿಂಡಕ್ಕೆ ಹೀಗೆ ಎರಡು ಕಡೆಯಿಂದ ಪೆಟ್ಟು. ವೈದ್ಯರು ಕೆಲವು ದಿನಕ್ಕೆಂದು ಬರೆದುಕೊಟ್ಟ ಮಾತ್ರೆ ಬೇರೆ, ಅಂಗಡಿಯಿಂದ ತಂದು ವರ್ಷವಿಡೀ ನುಂಗುವುದು ಬೇರೆ.

ತರಗತಿಯಲ್ಲಿ ಒಂದು ಪ್ರಯೋಗ

ಪ್ರೌಢಶಾಲೆಯ ಮೇಲಿನ ತರಗತಿ ಅಥವಾ ಕಾಲೇಜಿನಲ್ಲಿ ಇದನ್ನು ಮಾಡಿ ನೋಡಬಹುದು. ಬೇಕಾದದ್ದು ಒಂದು ಬಕೆಟ್ ನೀರು, ಮಂಜುಗಡ್ಡೆ, ಥರ್ಮಾಮೀಟರ್, ಗಡಿಯಾರ. ಭಾಗವಹಿಸುವುದು ಐಚ್ಛಿಕವಾಗಿರಲಿ. ಹೃದ್ರೋಗ, ಮೂರ್ಛೆರೋಗ, ಕೈಯಲ್ಲಿ ಗಾಯ ಇರುವವರು ಮತ್ತು ಚಳಿಗೆ ಬೆರಳು ಬಿಳಿಚುವವರು ಬೇಡ. ಯಾವ ಕ್ಷಣದಲ್ಲಾದರೂ ಕೈ ತೆಗೆಯಬಹುದೆಂದು ಮೊದಲೇ ಹೇಳಿ. ನೀರು 5 ಡಿಗ್ರಿ ಸೆಲ್ಸಿಯಸ್‌ಗೆ ಹತ್ತಿರ ಬಂದಾಗ ಮಣಿಕಟ್ಟಿನವರೆಗೆ ಕೈಯನ್ನು 30 ಸೆಕೆಂಡು ಮಾತ್ರ ಇಡಬೇಕು. ಕೈಯ ಸುತ್ತ ಬೆಚ್ಚನೆಯ ಪದರ ಕಟ್ಟದಂತೆ ಇನ್ನೊಬ್ಬರು ನೀರನ್ನು ಮೆಲ್ಲಗೆ ಕಲಕುತ್ತಿರಲಿ. ಕೈ ತೆಗೆದ ಕೂಡಲೆ ತೀವ್ರತೆಗೆ ಒಂದು, ಅಹಿತಕ್ಕೆ ಒಂದು, ಹೀಗೆ ಎರಡು ಅಂಕಗಳನ್ನು 0ಯಿಂದ 10ರೊಳಗೆ ಬರೆಯಬೇಕು.

ಪ್ರತಿಯೊಬ್ಬರೂ ಇದನ್ನು ಮೂರು ಬಗೆಯಲ್ಲಿ ಮಾಡಲಿ. ಒಮ್ಮೆ ‘ಎಷ್ಟು ಹೊತ್ತು ಇನ್ನೂ’ ಎಂದು ಗಡಿಯಾರ ನೋಡುತ್ತ, ಇನ್ನೊಮ್ಮೆ 100ರಿಂದ ಏಳೇಳು ಕಳೆಯುತ್ತ, ಮತ್ತೊಮ್ಮೆ ಕಣ್ಣು ಮುಚ್ಚಿ ನಿಧಾನವಾಗಿ ಉಸಿರು ಬಿಡುತ್ತ, ತಣ್ಣನೆಯ ಅನುಭವವನ್ನು ಬರಿದೇ ಗಮನಿಸುತ್ತ. ನಡುವೆ ಹತ್ತು ನಿಮಿಷ ಬಿಡುವಿರಲಿ. ಯಾವುದು ಮೊದಲು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಎಲ್ಲರೂ ಒಂದೇ ಕ್ರಮದಲ್ಲಿ ಮಾಡಿದರೆ ಕೈಗೆ ಚಳಿ ರೂಢಿಯಾದದ್ದನ್ನೇ ಉಸಿರಾಟದ ಫಲವೆಂದು ಎಣಿಸಬೇಕಾದೀತು. ಇಪ್ಪತ್ತು ಮಂದಿಯ ಅಂಕಗಳು ಸಿಕ್ಕಿದ ಮೇಲೆ ಸರಾಸರಿ ತೆಗೆದು, ತೀವ್ರತೆ ಮತ್ತು ಅಹಿತಗಳಲ್ಲಿ ಯಾವುದು ಹೆಚ್ಚು ಬದಲಾಗಿದೆಯೆಂದು ಎರಡು ಸ್ತಂಭಚಿತ್ರಗಳನ್ನು ಬರೆಯಿರಿ. ಪ್ರಯೋಗಕ್ಕೆ ಮುನ್ನವೇ ‘ಯಾವ ಬಗೆಯಲ್ಲಿ ನೋವು ಕಡಿಮೆಯೆನಿಸೀತು?’ ಎಂದು ಪ್ರತಿಯೊಬ್ಬರಿಂದ ಚೀಟಿಯಲ್ಲಿ ಬರೆಸಿ ಮುಚ್ಚಿಟ್ಟಿದ್ದರೆ, ಕೊನೆಗೆ ಅದನ್ನು ತೆರೆದು ನಿರೀಕ್ಷೆಗೂ ಅಂಕಗಳಿಗೂ ಎಷ್ಟು ಹೊಂದಿಕೆಯಿದೆಯೆಂದು ನೋಡಬಹುದು.